ಐದು ವರ್ಷದ ಮಗಳಿಗೆ ಆಪರೇಷನ್ ವಿಷಯ ಯಾವಾಗ, ಹೇಗೆ ಹೇಳಬೇಕು?

ನೀಲಿಕೊಡೆ
ಮಗಳಿಗೆ ಐದು ವರ್ಷ. ಟಾನ್ಸಿಲ್ ಮತ್ತು ಅಡಿನಾಯ್ಡ್ (ಮೂಗಿನ ಹಿಂಭಾಗದಲ್ಲಿರುವ ಗಂಟು) ತೆಗೆಯಬೇಕೆಂದು ಇಎನ್‌ಟಿ ವೈದ್ಯರು ಹೇಳಿದ್ದಾರೆ. ಮುಂದಿನ ತಿಂಗಳಿಗೆ ದಿನವೂ ಗೊತ್ತಾಗಿದೆ. ರಾತ್ರಿ ಅವಳ ಗೊರಕೆ, ನಡುನಡುವೆ ಉಸಿರು ಕಟ್ಟಿದಂತಾಗಿ ಬೆಚ್ಚಿ ಏಳುವುದು, ಇವನ್ನೆಲ್ಲ ನೋಡಿದ ನಮಗೆ ಆಪರೇಷನ್ ಬೇಕೇ ಬೇಡವೇ ಎಂಬ ಗೊಂದಲ ಉಳಿದಿಲ್ಲ. ಗೊಂದಲವಿರುವುದು ಅವಳಿಗೆ ಏನು ಹೇಳುವುದು ಎಂಬುದರಲ್ಲಿ.

ಮನೆಯಲ್ಲಿ ಎರಡು ಮಾತು ನಡೆಯುತ್ತಿದೆ. "ಮೊದಲೇ ಹೇಳಿ ಮಗುವನ್ನು ಯಾಕೆ ಹೆದರಿಸುತ್ತೀರಿ, ಎಲ್ಲಿಗೋ ಸುತ್ತಾಡಲು ಹೋಗೋಣ ಎಂದು ಕರೆದುಕೊಂಡು ಹೋಗಿ, ಅಲ್ಲಿಗೆ ಹೋದ ಮೇಲೆ ಡಾಕ್ಟರು ನೋಡಿಕೊಳ್ಳುತ್ತಾರೆ" ಎನ್ನುವುದು ಅತ್ತೆಯವರ ಅಭಿಪ್ರಾಯ. ಅವರಿಗೆ ಮೊಮ್ಮಗಳ ಮೇಲೆ ಪ್ರಾಣ, ಅದು ನನಗೂ ಗೊತ್ತು. ಗಂಡನಿಗೂ ಅದೇ ಸರಿಯೆನಿಸುತ್ತಿದೆ. ನನಗೆ ಮಾತ್ರ ಮನಸ್ಸು ಒಪ್ಪುತ್ತಿಲ್ಲ. ಬಿಳಿ ಕೋಟು ಕಂಡರೆ ನನ್ನ ಬೆನ್ನ ಹಿಂದೆ ಅಡಗುವ ಮಗು ಅವಳು. ಹೇಳಿದರೆ ತಿಂಗಳಿಡೀ ಅಳುತ್ತಾಳೆಯೇ? ಹೇಳದಿದ್ದರೆ ಇನ್ನು ಮುಂದೆ ನನ್ನ ಮಾತನ್ನು ನಂಬುತ್ತಾಳೆಯೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ವಾರ್ಡಿನ ಅಕ್ಕ
ಮಕ್ಕಳ ಶಸ್ತ್ರಚಿಕಿತ್ಸಾ ವಾರ್ಡಿನಲ್ಲಿ ನರ್ಸ್ ಆಗಿದ್ದೇನೆ. ನಿಮ್ಮ ಮನಸ್ಸು ಒಪ್ಪದಿರುವುದು ಸರಿಯಾಗಿಯೇ ಇದೆ. ಸುತ್ತಾಡಲು ಹೋಗೋಣ ಎಂದು ನಂಬಿಸಿ ಕರೆತಂದ ಮಕ್ಕಳನ್ನು ಬಾಗಿಲಲ್ಲೇ ಗುರುತಿಸಬಹುದು. ಆಸ್ಪತ್ರೆಯ ಉಡುಪು ಕೈಗೆ ಕೊಟ್ಟ ಕ್ಷಣ ಮಗು ಮೊದಲು ನೋಡುವುದು ನಮ್ಮನ್ನಲ್ಲ, ತಾಯಿಯ ಮುಖವನ್ನು. ಆ ಮುಖದ ಮೇಲಿನ ನಂಬಿಕೆ ಅಲ್ಲಿ ಕಳೆದುಹೋದರೆ ಆ ದಿನ ಮಗುವಿಗೆ ಹಿಡಿದುಕೊಳ್ಳಲು ಬೇರೇನೂ ಇರುವುದಿಲ್ಲ. ನೋವಿನ ಗಳಿಗೆಯಲ್ಲಿ ನೀವು "ಇನ್ನೇನು ಮುಗಿಯಿತು" ಎಂದರೂ ನಂಬುವುದಿಲ್ಲ.

ಆದರೆ ಒಂದು ತಿಂಗಳ ಮೊದಲೇ ಹೇಳುವ ಅಗತ್ಯವಿಲ್ಲ. ಐದು ವರ್ಷದ ಮಗುವಿಗೆ ತಿಂಗಳು ಎಂದರೆ ಅಳತೆಗೆ ಸಿಗದ ಕಾಲ. ಎರಡು ಮೂರು ವರ್ಷದವರಿಗೆ ಹಿಂದಿನ ದಿನ ಹೇಳಿದರೆ ಸಾಕು. ನಿಮ್ಮ ಮಗಳ ವಯಸ್ಸಿಗೆ ಮೂರ್ನಾಲ್ಕು ದಿನ ಮೊದಲು ಹೇಳಿ. ಆರು ದಾಟಿದವರಿಗೆ ಸುಮಾರು ಒಂದು ವಾರ ಬೇಕು, ಏಕೆಂದರೆ ಅವರು ಯೋಚಿಸುತ್ತಾರೆ, ಪ್ರಶ್ನೆಗಳನ್ನು ಕೂಡಿಸಿಟ್ಟುಕೊಂಡು ಮತ್ತೆ ಬರುತ್ತಾರೆ. ಹದಿಹರೆಯದವರಾದರೆ ತೀರ್ಮಾನ ಕೈಗೊಳ್ಳುವ ಮಾತುಕತೆಯಲ್ಲೇ ಅವರು ಕೂತಿರಬೇಕು. ಅಷ್ಟರೊಳಗೆ ಮನೆಯಲ್ಲಿ ದೊಡ್ಡವರು ಫೋನಿನಲ್ಲಿ ಪಿಸುಗುಡುವುದನ್ನು ಕೇಳಿಸಿಕೊಂಡು ಅವಳೇ ಕೇಳಿದರೆ ಮಾತ್ರ ಮುಚ್ಚಿಡಬೇಡಿ, ಆಗಲೇ ಹೇಳಿಬಿಡಿ.

ಹೇಳುವಾಗ ಕಾರಣದಿಂದ ಶುರುಮಾಡಿ. "ನಿನ್ನ ಗಂಟಲೊಳಗೆ ಎರಡು ಗಂಟುಗಳು ದಪ್ಪಗಾಗಿವೆ, ಅದಕ್ಕೇ ರಾತ್ರಿ ಉಸಿರಾಡಲು ನಿನಗೆ ಕಷ್ಟ. ಡಾಕ್ಟರು ಅವನ್ನು ತೆಗೆದು ಸರಿಮಾಡುತ್ತಾರೆ. ನೀನು ಏನೂ ತಪ್ಪು ಮಾಡಿದ್ದಕ್ಕೆ ಹೀಗಾಗಿದ್ದಲ್ಲ." ಕೊನೆಯ ವಾಕ್ಯವನ್ನು ಬಿಡಬೇಡಿ. ಮೂರರಿಂದ ಆರು ವರ್ಷದ ಮಕ್ಕಳು ಕಾಯಿಲೆಯನ್ನೂ ಚಿಕಿತ್ಸೆಯನ್ನೂ ತಮ್ಮ ತುಂಟತನಕ್ಕೆ ಸಿಕ್ಕ ಶಿಕ್ಷೆ ಎಂದುಕೊಳ್ಳುವುದು ಬಹಳ ಸಾಮಾನ್ಯ. ಬಾಯಿಬಿಟ್ಟು ಹೇಳುವುದಿಲ್ಲ, ಒಳಗೇ ಇಟ್ಟುಕೊಂಡಿರುತ್ತಾರೆ. ಇದೇ ಕಾರಣಕ್ಕೆ ಒಂದು ಕೋರಿಕೆ: ಊಟ ಮಾಡದಿದ್ದರೆ ಸೂಜಿ ಚುಚ್ಚಿಸುತ್ತೇನೆ ಎಂದು ಮನೆಯಲ್ಲಿ ಯಾರೂ ಬೆದರಿಸದಿರಲಿ. ಆ ಬೆದರಿಕೆಯ ಫಲ ನಮ್ಮ ವಾರ್ಡಿನಲ್ಲಿ ಅಳುವ ಮಗುವಿಗೆ ಸಿಗುತ್ತದೆ.

ಆಮೇಲೆ ಆ ದಿನ ಅವಳ ಕಣ್ಣಿಗೆ ಕಾಣುವುದನ್ನು, ಕಿವಿಗೆ ಕೇಳುವುದನ್ನು, ಮೈಗೆ ತಾಗುವುದನ್ನು ಹೇಳಿ. ಕೈಗೆ ಪಟ್ಟಿ ಕಟ್ಟುತ್ತಾರೆ, ಚಕ್ರದ ಮಂಚದಲ್ಲಿ ಮಲಗಿಸುತ್ತಾರೆ, ಎಲ್ಲರೂ ಟೋಪಿ ಮತ್ತು ಮಾಸ್ಕ್ ಹಾಕಿರುತ್ತಾರೆ, ಕೋಣೆ ತಣ್ಣಗಿರುತ್ತದೆ. ಗಂಟಲೊಳಗೆ ಕತ್ತರಿಸುವ ವಿವರ ಅವಳಿಗೆ ಬೇಡ. ಅದು ನಡೆಯುವಾಗ ಅವಳು ಎಚ್ಚರವಿರುವುದಿಲ್ಲವಲ್ಲ.

ಗಾಳಿಪಟ
ಅಕ್ಕನವರ ಮಾತಿಗೆ ಗೌರವವಿದ್ದೂ ನನ್ನ ಅನುಮಾನ ಹೇಳುತ್ತೇನೆ. ನನ್ನ ಮಗನಿಗೆ ಎಂಟು ವರ್ಷ, ಹರ್ನಿಯಾ ಆಪರೇಷನ್ ಆಯಿತು. ಒಂದು ವಾರ ಮೊದಲೇ ಎಲ್ಲವನ್ನೂ ಬಿಡಿಸಿ ಹೇಳಿದೆವು. ಆ ವಾರವೆಲ್ಲ ಹೊಟ್ಟೆನೋವು, ನಿದ್ದೆಯಿಲ್ಲ, ಶಾಲೆಯಲ್ಲಿ ಅಳು. ಅವನು ಸ್ವಭಾವದಿಂದಲೇ ಕಳವಳದ ಹುಡುಗ. ಅವನ ತಂಗಿಯಾಗಿದ್ದರೆ ಕೇಳಿ ಓಡಿಹೋಗಿ ಆಟವಾಡುತ್ತಿದ್ದಳು. "ಮಕ್ಕಳಿಗೆ ಸತ್ಯ ಹೇಳಿ" ಎಂಬುದನ್ನು ಎಲ್ಲ ಮಕ್ಕಳಿಗೂ ಒಂದೇ ಅಳತೆಯ ಅಂಗಿಯಂತೆ ತೊಡಿಸುವುದು ಸರಿಯೇ?

ವಾರ್ಡಿನ ಅಕ್ಕ
@ಗಾಳಿಪಟ, ನಿಮ್ಮ ಅನುಮಾನ ನ್ಯಾಯವಾದದ್ದು. ಸತ್ಯ ಎಲ್ಲರಿಗೂ ಬೇಕು, ಆದರೆ ಎಷ್ಟು ಎನ್ನುವುದನ್ನು ಮಗುವೇ ನಿರ್ಧರಿಸಬೇಕು. ಕೆಲವು ಮಕ್ಕಳು ಪ್ರತಿಯೊಂದು ಉಪಕರಣದ ಹೆಸರು ಕೇಳುತ್ತಾರೆ, ತಿಳಿದಷ್ಟೂ ಅವರು ಹಗುರಾಗುತ್ತಾರೆ. ಇನ್ನು ಕೆಲವರು ಕಿವಿ ಮುಚ್ಚಿಕೊಳ್ಳುತ್ತಾರೆ. ಅವರ ಮುಂದೆ ವಿವರ ಸುರಿದರೆ ಪ್ರತಿ ವಿವರವೂ ಹೊಸ ಹೆದರಿಕೆಯಾಗುತ್ತದೆ. ಅಂಥ ಮಗುವಿಗೆ ಎರಡೇ ವಾಕ್ಯ: ಏನು ನಡೆಯುತ್ತದೆ, ಯಾರು ಜೊತೆಗಿರುತ್ತಾರೆ. ಬಳಿಕ "ಇನ್ನೂ ಏನಾದರೂ ತಿಳಿಯಬೇಕೆನಿಸಿದರೆ ಯಾವಾಗ ಬೇಕಾದರೂ ಕೇಳು" ಎಂದು ಬಾಗಿಲು ತೆರೆದಿಟ್ಟು ಸುಮ್ಮನಿರುವುದು. ದಿನವನ್ನೂ ಸ್ವಲ್ಪ ಹತ್ತಿರಕ್ಕೆ ತರಬಹುದು, ವಾರದ ಬದಲು ಎರಡು ಮೂರು ದಿನ. ಮತ್ತು ಒಂದು ಹೆದರಿಕೆಗೆ ಒಂದು ಉಪಾಯ ಜೊತೆಯಾಗಿರಬೇಕು. "ಸೂಜಿ ಇರುತ್ತದೆ" ಎಂದಷ್ಟೇ ಹೇಳಿ ನಿಲ್ಲಿಸಿದರೆ ಮಗು ಆ ಸೂಜಿಯೊಂದಿಗೆ ರಾತ್ರಿ ಕಳೆಯುತ್ತದೆ. "ಸೂಜಿ ಇರುತ್ತದೆ, ಚರ್ಮ ಮರಗಟ್ಟಲು ಮೊದಲೇ ಮುಲಾಮು ಹಚ್ಚುತ್ತಾರೆ, ಆಗ ನೀನು ಜೋರಾಗಿ ಗಾಳಿ ಊದಬೇಕು" ಎಂದರೆ ಮಗುವಿಗೆ ಮಾಡಲು ಒಂದು ಕೆಲಸ ಸಿಕ್ಕಿತು.

ಕೆಂಪುಹನಿ
ಈ ಸೂಜಿಯ ವಿಷಯದಲ್ಲಿ ನಾನು ಸ್ವಲ್ಪ ವಿವರವಾಗಿ ಬರೆಯಬೇಕು. ನನ್ನ ಮಗನಿಗೆ ಥಲಸೇಮಿಯಾ, ಹುಟ್ಟಿನಿಂದ ಬಂದ ರಕ್ತದ ಕಾಯಿಲೆ. ಕೆಲವೇ ವಾರಗಳಿಗೊಮ್ಮೆ ರಕ್ತ ಹಾಕಿಸಬೇಕು, ಅಂದರೆ ಪ್ರತಿ ಬಾರಿಯೂ ಸೂಜಿ. ನಮ್ಮ ಮನೆಯಲ್ಲಿ ಇದು ಒಂದು ದಿನದ ಪರೀಕ್ಷೆಯಲ್ಲ, ಬದುಕಿನ ಭಾಗ. ಆದ್ದರಿಂದ ಏನು ನಿಜಕ್ಕೂ ಕೆಲಸ ಮಾಡುತ್ತದೆ ಎಂಬುದನ್ನು ನಾವು ಗಮನವಿಟ್ಟು ಕಲಿತಿದ್ದೇವೆ.

ಮೊದಲನೆಯದು ಮುಲಾಮು. ಲಿಡೊಕೇನ್ ಮತ್ತು ಪ್ರಿಲೊಕೇನ್ ಬೆರೆತ ಕ್ರೀಮನ್ನು ಚರ್ಮದ ಮೇಲೆ ದಪ್ಪಗೆ ಹಚ್ಚಿ, ಮೇಲೆ ಪಾರದರ್ಶಕ ಪಟ್ಟಿ ಅಂಟಿಸಿ, ಸುಮಾರು 60 ನಿಮಿಷ ಬಿಡಬೇಕು. ಹತ್ತು ನಿಮಿಷ ಬಿಟ್ಟು ಚುಚ್ಚಿದರೆ ಮಗುವಿಗೆ ನೋವಾಗುತ್ತದೆ, "ಈ ಕ್ರೀಮು ಸುಳ್ಳು" ಎಂದು ಅದರ ಮೇಲಿನ ನಂಬಿಕೆಯೂ ಹೋಗುತ್ತದೆ. ಒಂದು ಕೈಯಲ್ಲಿ ನರ ಸಿಗದಿದ್ದರೆ ಎಂದು ಎರಡು ಜಾಗಗಳಲ್ಲಿ ಹಚ್ಚಿಸಿ ಎಂದು ನಾವೇ ಕೇಳುತ್ತೇವೆ. ಕೇಳದಿದ್ದರೆ ಎಲ್ಲ ಕಡೆ ತಾವಾಗಿ ಹಚ್ಚುವುದಿಲ್ಲ. ಯಾವ ವಯಸ್ಸಿಗೆ, ಎಷ್ಟು ಹಚ್ಚಬೇಕೆಂಬುದನ್ನು ವೈದ್ಯರೇ ಹೇಳಬೇಕು, ಮುಖ್ಯವಾಗಿ ಪುಟ್ಟ ಕೂಸುಗಳ ವಿಷಯದಲ್ಲಿ.

ಎರಡನೆಯದು ಹಿಡಿದುಕೊಳ್ಳುವ ರೀತಿ. ಮಂಚದ ಮೇಲೆ ಅಂಗಾತ ಮಲಗಿಸಿ ನಾಲ್ಕು ಜನ ಕೈಕಾಲು ಅದುಮುವುದನ್ನು ನಾನು ಈಗ ಒಪ್ಪುವುದೇ ಇಲ್ಲ. ಮಗ ನನ್ನ ತೊಡೆಯ ಮೇಲೆ ನನ್ನತ್ತ ಮುಖಮಾಡಿ ಎದೆಗೆ ಎದೆ ತಾಗಿಸಿ ಕೂರುತ್ತಾನೆ, ಒಂದು ಕೈ ನನ್ನ ಕಂಕುಳ ಕೆಳಗಿನಿಂದ ಹಿಂದಕ್ಕೆ ಚಾಚಿರುತ್ತದೆ. ನರ್ಸ್ ಆ ಕೈಯಲ್ಲಿ ಕೆಲಸ ಮಾಡುತ್ತಾರೆ. ಕೈ ಅಲ್ಲಾಡುವುದಿಲ್ಲ, ಆದರೆ ಅವನಿಗೆ ಅನಿಸುವುದು ಅಪ್ಪುಗೆ. ಈ ಭಂಗಿಯಲ್ಲಿ ಕೆಲಸ ಮಾಡಲು ಅಭ್ಯಾಸವಿಲ್ಲದವರು ಮೊದಲು ಹಿಂಜರಿದರು. ಗಟ್ಟಿಯಾಗಿ ಹಿಡಿದಿರುವುದು ನನ್ನ ಜವಾಬ್ದಾರಿ ಎಂದು ಹೇಳಿದ ಮೇಲೆ ಒಪ್ಪಿದರು.

ಮೂರನೆಯದು ಹೆಚ್ಚಿನವರಿಗೆ ಹೊಳೆಯದ ಸಂಗತಿ. ಡ್ರಿಪ್ ಹಾಕಿದ ಮೇಲೆ ಸೂಜಿ ಕೈಯೊಳಗೇ ಉಳಿದಿದೆ ಎಂದು ಮಕ್ಕಳು ನಂಬಿರುತ್ತಾರೆ. ಅದಕ್ಕೇ ಕೈಯನ್ನು ಕಲ್ಲಿನಂತೆ ಬಿಗಿಹಿಡಿದು ಅಲುಗಾಡದೆ ಕೂರುತ್ತಾರೆ. ನಿಜವಾಗಿ ಒಳಗೆ ಉಳಿಯುವುದು ಬಾಗುವಂಥ ಸಣ್ಣ ಪ್ಲಾಸ್ಟಿಕ್ ಕೊಳವೆ, ಸೂಜಿಯನ್ನು ಆಗಲೇ ಹೊರತೆಗೆದಿರುತ್ತಾರೆ. ಒಂದು ಹೊಸ ಕ್ಯಾನುಲಾದ (ಡ್ರಿಪ್‌ಗೆ ಬಳಸುವ ಸಾಧನದ) ಕೊಳವೆಯನ್ನು ಸೂಜಿಯಿಲ್ಲದೆ ಅವನ ಕೈಗೆ ಕೊಟ್ಟು ಬಗ್ಗಿಸಿ ನೋಡಲು ಬಿಟ್ಟರು ನಮ್ಮ ನರ್ಸ್. ಅಂದಿನಿಂದ ಡ್ರಿಪ್ ಇರುವಾಗಲೂ ಅದೇ ಕೈಯಲ್ಲಿ ಚಿತ್ರ ಬರೆಯುತ್ತಾನೆ.

ಮಾತಿನ ಬಗ್ಗೆ ಒಂದು. ಚುಚ್ಚುವಾಗ "ಏನೂ ಆಗಲ್ಲ, ಏನೂ ಆಗಲ್ಲ" ಎಂದು ಮತ್ತೆ ಮತ್ತೆ ಹೇಳುವುದು ಪ್ರೀತಿಯಿಂದಲೇ. ಆದರೆ ದೊಡ್ಡವರ ಸಾಂತ್ವನ ಹೆಚ್ಚಿದಷ್ಟೂ ಮಗುವಿನ ಸಂಕಟ ಹೆಚ್ಚುವುದನ್ನು ಈ ಕುರಿತ ಅಧ್ಯಯನಗಳು ಗುರುತಿಸಿವೆ. ಅಮ್ಮ ಇಷ್ಟು ಗಾಬರಿಯಾಗಿದ್ದಾಳೆ ಎಂದರೆ ಏನೋ ಇದೆ ಎಂದು ಮಗು ಲೆಕ್ಕಹಾಕುತ್ತದೆ. ಬೇರೆ ಮಾತು, ಕಥೆ, ಸೋಪಿನ ಗುಳ್ಳೆ ಊದುವುದು, ಕೋಣೆಯಲ್ಲಿ ನೀಲಿ ಬಣ್ಣದ್ದು ಎಷ್ಟಿವೆ ಎಂದು ಎಣಿಸುವುದು, ಇವು ಚೆನ್ನಾಗಿ ನಡೆಯುತ್ತವೆ. ಇಬ್ಬರು ಮೂವರು ಒಟ್ಟಿಗೆ ಮಾತನಾಡಬಾರದು. ಒಂದೇ ದನಿ ಸಾಕು. ನೋಡಬೇಕೋ ಮುಖ ತಿರುಗಿಸಬೇಕೋ ಎಂಬುದು ಅವನ ಆಯ್ಕೆ, ಎಡಗೈಯೋ ಬಲಗೈಯೋ ಎಂಬುದೂ ಅವನದೇ. ಆದರೆ "ಈಗ ಚುಚ್ಚಲೇ?" ಎಂದು ಕೇಳಬೇಡಿ. ಬೇಡವೆಂದರೆ ನೀವು ನಿಲ್ಲಿಸುವುದಿಲ್ಲ, ಹಾಗಾದರೆ ಅದು ಪ್ರಶ್ನೆಯೇ ಅಲ್ಲ.

ಇಬ್ಬನಿ
ಕೆಂಪುಹನಿ ಅವರೇ, ಇದನ್ನು ಉಳಿಸಿಟ್ಟುಕೊಂಡಿದ್ದೇನೆ. ನಮ್ಮದು ಏಳು ತಿಂಗಳ ಕೂಸು, ಲಸಿಕೆಗಳು ಸಾಲಾಗಿ ಇವೆ. ಇಷ್ಟು ಚಿಕ್ಕ ಮಗುವಿಗೆ ಹೇಳಿ ಅರ್ಥಮಾಡಿಸುವುದಂತೂ ಆಗದು. ಏನಾದರೂ ದಾರಿ ಇದೆಯೇ?

ವಾರ್ಡಿನ ಅಕ್ಕ
@ಇಬ್ಬನಿ, ಖಂಡಿತ ಇದೆ. ಚುಚ್ಚುವುದಕ್ಕೆ ಸ್ವಲ್ಪ ಮೊದಲೇ ಎದೆಹಾಲು ಕುಡಿಸಲು ಶುರುಮಾಡಿ, ಚುಚ್ಚುವಾಗಲೂ ಕುಡಿಯುತ್ತಿರಲಿ. ಕೂಸುಗಳಿಗೆ ಇದಕ್ಕಿಂತ ಸರಳವಾದ ನೋವುಶಮನ ಇಲ್ಲ. ಲಸಿಕೆಯ ನೋವು ಕಡಿಮೆ ಮಾಡುವ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಪ್ರಕಟಿಸಿದ ನಿಲುವಿನಲ್ಲಿ ಇದೂ ಸೇರಿದೆ. ಪೋಷಕರು ಜೊತೆಗಿರಬೇಕು, ಮಗುವನ್ನು ಎತ್ತಿ ಹಿಡಿದಿರಬೇಕು, ಒಂದೇ ದಿನ ಎರಡು ಮೂರು ಲಸಿಕೆಗಳಿದ್ದರೆ ಹೆಚ್ಚು ನೋಯುವುದನ್ನು ಕೊನೆಗೆ ಕೊಡಬೇಕು ಎಂದೂ ಅದರಲ್ಲಿದೆ. ಯಾವುದಕ್ಕೂ ಖರ್ಚಿಲ್ಲ.

ಅರಿವಳಿಕೆ ವೈದ್ಯ
ಅರಿವಳಿಕೆ ವಿಭಾಗದ ಕಡೆಯಿಂದ @ನೀಲಿಕೊಡೆ ಅವರಿಗೆ ಕೆಲವು ಮಾತು.

ಮಗುವಿನ ಹೆದರಿಕೆ ಬರೀ ಮನಸ್ಸಿನ ವಿಷಯವಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಅರಿವಳಿಕೆ ತಜ್ಞ ಝೀವ್ ಕೇನ್ ಮತ್ತು ಸಂಗಡಿಗರು 1990ರ ದಶಕದಿಂದ ಇದನ್ನೇ ಅಧ್ಯಯನ ಮಾಡಿದರು. ತೀವ್ರ ಕಳವಳದಲ್ಲಿ ಅರಿವಳಿಕೆಗೆ ಒಳಗಾದ ಮಕ್ಕಳಲ್ಲಿ ಆಮೇಲಿನ ನೋವು, ಎಚ್ಚರವಾಗುವಾಗಿನ ಗೊಂದಲ, ಮನೆಗೆ ಹೋದ ಮೇಲೆ ನಿದ್ದೆಯ ತೊಂದರೆ ಹೆಚ್ಚು ಕಂಡುಬಂದವು. 2007ರಲ್ಲಿ ಅವರು ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ ಇಡೀ ಕುಟುಂಬವನ್ನು ಮೊದಲೇ ಸಿದ್ಧಗೊಳಿಸಿದಾಗ ಮಕ್ಕಳ ಕಳವಳ ಇಳಿಯಿತು, ಚೇತರಿಕೆಯ ಕೋಣೆಯಲ್ಲಿ ನೋವಿನ ಔಷಧವೂ ಕಡಿಮೆ ಸಾಕಾಯಿತು. ಹೀಗಾಗಿ ನಿಮ್ಮ ಅತ್ತೆಯವರಿಗೆ ಹೇಳಿ, ಸಿದ್ಧತೆಯೂ ಚಿಕಿತ್ಸೆಯ ಒಂದು ಭಾಗ ಎಂದು.

ನಿಮ್ಮ ಮಗಳ ವಯಸ್ಸಿನವರಿಗೆ ಬಹಳ ಸಲ ಮಾಸ್ಕ್ ಮೂಲಕವೇ ಅರಿವಳಿಕೆ ಕೊಡುತ್ತೇವೆ, ಡ್ರಿಪ್ ಅವಳು ಮಲಗಿದ ಮೇಲೆ. ಆದ್ದರಿಂದ ಮಾಸ್ಕ್ ಆಟಿಕೆಯಂತೆ ಪರಿಚಿತವಾಗಿದ್ದರೆ ಅರ್ಧ ಕೆಲಸ ಮುಗಿದಂತೆ. ಪರೀಕ್ಷೆಗೆ ಹೋದಾಗ ಒಂದು ಮಾಸ್ಕ್ ಕೇಳಿ ಪಡೆಯಿರಿ. ಗೊಂಬೆಗೆ ಹಾಕಲಿ, ನಿಮಗೆ ಹಾಕಲಿ, ತಾನೇ ಹಿಡಿದುಕೊಳ್ಳಲಿ. ಔಷಧಕ್ಕೆ ಒಂದು ಬಗೆಯ ವಾಸನೆಯಿದೆ, ಅದನ್ನೂ ಹೇಳಿಡಿ. "ಇದು ರಾತ್ರಿಯ ನಿದ್ದೆಯಂತಲ್ಲ, ಔಷಧದಿಂದ ಬರುವ ನಿದ್ದೆ. ಡಾಕ್ಟರು ಪೂರ್ತಿ ಹೊತ್ತು ನಿನ್ನ ಪಕ್ಕದಲ್ಲೇ ಇರುತ್ತಾರೆ. ನಡುವೆ ಎಚ್ಚರವಾಗುವುದಿಲ್ಲ, ನೋವು ಗೊತ್ತಾಗುವುದಿಲ್ಲ. ಕೆಲಸ ಮುಗಿದ ಮೇಲೆ ಔಷಧ ನಿಲ್ಲಿಸುತ್ತಾರೆ, ನೀನು ಏಳುತ್ತೀಯ" ಎಂದು ಬಿಡಿಸಿ ಹೇಳಿ. ಬರೀ "ಮಲಗಿಸುತ್ತಾರೆ" ಎಂದರೆ ಆಮೇಲೆ ಮನೆಯಲ್ಲಿ ಮಲಗಲೂ ಹೆದರುವ ಮಕ್ಕಳಿದ್ದಾರೆ.

ಪೋಷಕರಿಗೂ ಸಿದ್ಧತೆ ಬೇಕು. ಮಾಸ್ಕ್ ಹಿಡಿದ ಒಂದೆರಡು ನಿಮಿಷದೊಳಗೆ ಮಗು ಕೈಕಾಲು ಒದರಬಹುದು, ಕಣ್ಣು ಮೇಲಕ್ಕೆ ಹೊರಳಬಹುದು, ಗೊರಕೆಯಂಥ ಸದ್ದು ಬರಬಹುದು. ಇವೆಲ್ಲ ನಿರೀಕ್ಷಿತ, ಆದರೆ ಗೊತ್ತಿಲ್ಲದ ತಾಯಿಗೆ ಆ ನೋಟ ಸಹಿಸಲಾಗದು. ಥಿಯೇಟರಿನೊಳಗೆ ಪೋಷಕರನ್ನು ಬಿಡುವ ಪದ್ಧತಿ ಕೆಲವೆಡೆ ಇದೆ, ಕೆಲವೆಡೆ ಇಲ್ಲ. ಬಿಟ್ಟರೂ ಇಬ್ಬರಲ್ಲಿ ಹೆಚ್ಚು ಶಾಂತವಾಗಿರಬಲ್ಲವರು ಹೋಗಲಿ. ಒಬ್ಬರು ಇದ್ದಮಾತ್ರಕ್ಕೆ ಮಗುವಿನ ಹೆದರಿಕೆ ಇಳಿಯುವುದಿಲ್ಲ, ಶಾಂತವಾಗಿರುವವರು ಇದ್ದರೆ ಇಳಿಯುತ್ತದೆ. ತೀರಾ ಹೆದರುವ ಮಗುವಿಗೆ ಮೊದಲೇ ಕುಡಿಸುವ, ಕಳವಳ ತಗ್ಗಿಸುವ ಮಿಡಜೋಲಾಮ್‌ನಂಥ ಔಷಧವಿದೆ. ಅದರ ಬಗ್ಗೆ ಕೇಳಲು ಸಂಕೋಚ ಬೇಡ.

ಎಚ್ಚರವಾಗುವಾಗ ಚಿಕ್ಕ ಮಕ್ಕಳಲ್ಲಿ ಕೆಲವರು ಕಿರುಚಾಡುತ್ತಾರೆ, ತಾಯಿಯನ್ನೇ ಗುರುತಿಸದವರಂತೆ ತಳ್ಳುತ್ತಾರೆ. ಎರಡರಿಂದ ಆರು ವರ್ಷದವರಲ್ಲಿ ಇದು ಹೆಚ್ಚು. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ತಾನಾಗಿ ಇಳಿಯುತ್ತದೆ, ಮಗುವಿಗೆ ನೆನಪೂ ಉಳಿಯುವುದಿಲ್ಲ. ಆಗ ಪ್ರಶ್ನೆ ಕೇಳದೆ, ಬೀಳದಂತೆ ಹಿಡಿದು, ಮೆಲ್ಲಗೆ ಮಾತನಾಡಿ.

ಉಪವಾಸದ ವಿಷಯ: ಘನ ಆಹಾರಕ್ಕೆ ಸಾಮಾನ್ಯವಾಗಿ 6 ಗಂಟೆ, ನೀರಿಗೆ 2 ಗಂಟೆ, ಈಗ ಹಲವು ಕಡೆ ಮಕ್ಕಳಿಗೆ 1 ಗಂಟೆಯವರೆಗೂ ನೀರು ಕೊಡುತ್ತಾರೆ. ನಿಮ್ಮ ಆಸ್ಪತ್ರೆ ಹೇಳಿದ್ದನ್ನೇ ಪಾಲಿಸಿ. ಆದರೆ "ರಾತ್ರಿಯಿಂದ ಏನೂ ಬೇಡ" ಎಂದಷ್ಟೇ ಹೇಳಿದರೆ ನೀರನ್ನು ಎಲ್ಲಿಯವರೆಗೆ ಕೊಡಬಹುದೆಂದು ಕೇಳಿ ಗಂಟೆ ಬರೆದುಕೊಳ್ಳಿ. ಬಾಯಾರಿದ ಮಗುವಿಗೆ ಯಾವ ಸಮಾಧಾನವೂ ಹತ್ತುವುದಿಲ್ಲ.

ಚುಕ್ಕಿಚಂದಿರ
ನನ್ನ ಮಗ ಆಟಿಸಂ ಇರುವವನು. ಎಂಆರ್‌ಐ ಸ್ಕ್ಯಾನಿಗೆ ಹೋಗುವಾಗ ಅವನಿಗೆ ಮಾತಿನ ವಿವರಣೆಗಿಂತ ಚಿತ್ರಗಳ ಸಾಲು ಉಪಯೋಗಕ್ಕೆ ಬಂತು: ಕಾರು, ಬಾಗಿಲು, ಕುರ್ಚಿ, ಯಂತ್ರ, ಮನೆ. ಒಂದೊಂದು ಮುಗಿದಂತೆ ಆ ಚಿತ್ರವನ್ನು ಅವನೇ ಕಿತ್ತು ಚೀಲಕ್ಕೆ ಹಾಕುತ್ತಾನೆ. ಎಂಆರ್‌ಐ ಯಂತ್ರ ಭಾರೀ ಸದ್ದು ಮಾಡುತ್ತದೆ, ಆ ಬಡಿತದ ದನಿಯ ರೆಕಾರ್ಡಿಂಗನ್ನು ಮನೆಯಲ್ಲಿ ಮೊದಲು ಸಣ್ಣಗೆ, ಆಮೇಲೆ ಜೋರಾಗಿ ಕೇಳಿಸಿದೆವು. ಮೇಜಿನ ಕೆಳಗೆ ಅಲುಗಾಡದೆ ಮಲಗುವ ಆಟ ಆಡಿದೆವು. ಅವನಿಗೆ ನೋವಿಗಿಂತ ಅಂಟುಪಟ್ಟಿ ಕೀಳುವುದು ಹೆಚ್ಚು ಹಿಂಸೆ, ತಣ್ಣನೆಯ ಜೆಲ್ ಇನ್ನೂ ಹಿಂಸೆ. ಇದನ್ನು ಒಂದು ಕಾಗದದಲ್ಲಿ ಬರೆದು ಸಿಬ್ಬಂದಿಗೆ ಕೊಡುತ್ತೇನೆ. ಒಂದು ಆಸ್ಪತ್ರೆಯಲ್ಲಿ ಅದನ್ನು ಓದದೆ ಮಡಚಿಟ್ಟರು, ಆ ದಿನ ಸ್ಕ್ಯಾನ್ ನಡೆಯಲಿಲ್ಲ. ಇನ್ನೊಂದು ಕಡೆ ಓದಿ ಕಾಯುವ ಸಾಲಿನಿಂದ ಬಿಡಿಸಿ ಖಾಲಿ ಕೋಣೆ ಕೊಟ್ಟರು. ಮಗು ಅದೇ, ಯಂತ್ರವೂ ಅಂಥದೇ.

ಹಳೆಯ ನರ್ಸ್
ನಿವೃತ್ತಳಾಗಿದ್ದೇನೆ. ಇಲ್ಲಿ ಪೋಷಕರು ಹಕ್ಕಿನಿಂದ ಮಾತನಾಡುವುದನ್ನು ಓದಿ ಸಂತೋಷವಾಯಿತು, ಏಕೆಂದರೆ ಈ ಹಕ್ಕು ಸುಲಭಕ್ಕೆ ಬಂದದ್ದಲ್ಲ. ಬ್ರಿಟನ್ನಿನಲ್ಲಿ ಒಂದು ಕಾಲಕ್ಕೆ ಮಗುವನ್ನು ವಾರ್ಡಿಗೆ ಒಪ್ಪಿಸಿದರೆ ತಾಯಿಗೆ ನೋಡಲು ಅವಕಾಶ ಬಹಳ ಕಡಿಮೆ. ತಾಯಿ ಬಂದುಹೋದರೆ ಮಗು ಅಳುತ್ತದೆ, ಬಾರದಿದ್ದರೆ ಸುಮ್ಮನಿರುತ್ತದೆ ಎಂಬುದು ಆಗಿನ ತರ್ಕ. 1952ರಲ್ಲಿ ಸಮಾಜ ಕಾರ್ಯಕರ್ತ ಜೇಮ್ಸ್ ರಾಬರ್ಟ್‌ಸನ್ ಆಸ್ಪತ್ರೆ ಸೇರಿದ ಎರಡು ವರ್ಷದ ಹುಡುಗಿಯನ್ನು ಚಿತ್ರೀಕರಿಸಿ ಆ ಸುಮ್ಮನಿರುವಿಕೆ ಸಮಾಧಾನವಲ್ಲ, ಸಂಕಟ ಎಂದು ತೋರಿಸಿಕೊಟ್ಟರು. ಆಸ್ಪತ್ರೆಯಲ್ಲಿರುವ ಮಕ್ಕಳ ಕ್ಷೇಮದ ಬಗ್ಗೆ ಅಲ್ಲಿನ ಸರ್ಕಾರಿ ಸಮಿತಿ ಕೊಟ್ಟ 1959ರ ಪ್ಲಾಟ್ ವರದಿ ತಾಯ್ತಂದೆಯರ ಭೇಟಿಗೆ ನಿರ್ಬಂಧವಿರಬಾರದೆಂದು ಶಿಫಾರಸು ಮಾಡಿತು. ಹಾಗಾಗಿ, ಅಳದ ಮಗು ಹೆದರಿಲ್ಲ ಎಂದುಕೊಳ್ಳಬೇಡಿ. ಅತ್ತು ಮುಗಿಸಿ ಅಮ್ಮನ ಭುಜಕ್ಕೆ ಒರಗುವ ಮಗುವಿಗಿಂತ ಗೋಡೆ ನೋಡುತ್ತ ಕೂತ ಮಗುವಿನ ಹತ್ತಿರ ನಾನು ಮೊದಲು ಹೋಗುತ್ತಿದ್ದೆ.

ನೀಲಿಕೊಡೆ
ಎಲ್ಲರಿಗೂ ಹೃದಯಪೂರ್ವಕ ಧನ್ಯವಾದ. ಡಾಕ್ಟರ ಬರಹವನ್ನು ಅತ್ತೆಯವರಿಗೆ ಓದಿ ಹೇಳಿದೆ. "ಹಾಗಾದರೆ ಗೊಂಬೆಗೆ ಮಾಸ್ಕ್ ಹಾಕುವ ಆಟ ನಾನೇ ಆಡಿಸುತ್ತೇನೆ" ಎಂದಿದ್ದಾರೆ. ಇನ್ನೂ ಎರಡು ಪ್ರಶ್ನೆಗಳಿವೆ. ನೋವಾಗುತ್ತದೆಯೇ ಎಂದು ಅವಳು ಕೇಳಿಯೇ ಕೇಳುತ್ತಾಳೆ, ಏನು ಹೇಳಲಿ? ಪಕ್ಕದ ಮನೆಯ ಅಜ್ಜ ಆಸ್ಪತ್ರೆಯಿಂದ ಮರಳಿ ಬರಲಿಲ್ಲ, ಅದು ಅವಳಿಗೆ ಗೊತ್ತು. "ನಾನೂ ಸಾಯುತ್ತೇನಾ?" ಎಂದರೆ?

ವಾರ್ಡಿನ ಅಕ್ಕ
ನೋವಿನ ಪ್ರಶ್ನೆಗೆ "ಹೌದು" ಎಂದೇ ಉತ್ತರಿಸಿ. ಆಪರೇಷನ್ ನಡೆಯುವಾಗ ಇಲ್ಲ, ಎದ್ದ ಮೇಲೆ ಗಂಟಲು ನೋಯುತ್ತದೆ, ಅದಕ್ಕೆ ಔಷಧವಿದೆ, ನೋವು ಬಂದ ಕೂಡಲೇ ಹೇಳುವುದು ನಿನ್ನ ಕೆಲಸ. ಟಾನ್ಸಿಲ್ ನೋವು ದಿನದಿನಕ್ಕೆ ನೇರವಾಗಿ ಇಳಿಯುವುದಿಲ್ಲ. ಸ್ವಲ್ಪ ಕಡಿಮೆಯಾದಂತೆ ಕಂಡು ಐದರಿಂದ ಏಳನೇ ದಿನದ ಹೊತ್ತಿಗೆ ಮತ್ತೆ ಏರಬಹುದು, ಪೂರ್ತಿ ಹೋಗಲು ಎರಡು ವಾರದವರೆಗೂ ಬೇಕಾಗಬಹುದು. ಗಂಟಲಲ್ಲಿ ಬಿಳಿ ಪದರ ಕಾಣುವುದು ಮಾಮೂಲು. ಕೆಂಪು ರಕ್ತ ಕಂಡರೆ ಮಾತ್ರ ಕಾಯದೆ ಆಸ್ಪತ್ರೆಗೆ ಹೋಗಿ. ವೈದ್ಯರು ಬರೆದ ನೋವಿನ ಔಷಧವನ್ನು ಅವರು ಹೇಳಿದ ಹೊತ್ತಿಗೆ ತಪ್ಪದೆ ಕೊಡಿ. ನೋವಿದೆಯೆಂದು ನುಂಗದಿದ್ದರೆ ನೀರಿನಂಶ ಕಡಿಮೆಯಾಗಿ ನೋವು ಇನ್ನೂ ಹೆಚ್ಚುತ್ತದೆ.

ಸಾವಿನ ಪ್ರಶ್ನೆ ಬಂದರೆ ಗಾಬರಿಯಾಗಿ "ಛೇ, ಅಂಥ ಮಾತಾಡಬಾರದು" ಎಂದು ಬಾಯಿ ಮುಚ್ಚಿಸಬೇಡಿ. ಮೊದಲು "ಅಜ್ಜನನ್ನು ನೆನೆದು ಕೇಳುತ್ತಿದ್ದೀಯಾ?" ಎಂದು ಕೇಳಿ. "ಅಜ್ಜನಿಗೆ ಬಹಳ ವಯಸ್ಸಾಗಿತ್ತು, ಬಹಳ ದೊಡ್ಡ ಕಾಯಿಲೆ ಇತ್ತು. ನಿನ್ನದು ಅದಲ್ಲ. ಈ ಡಾಕ್ಟರು ನಿನ್ನಂಥ ಎಷ್ಟೋ ಮಕ್ಕಳಿಗೆ ಇದನ್ನು ಮಾಡಿದ್ದಾರೆ, ಅವರು ಮನೆಗೆ ಹೋಗಿದ್ದಾರೆ, ನೀನೂ ಮನೆಗೆ ಬರುತ್ತೀಯ ಎಂದೇ ನಾವು ಸಿದ್ಧತೆ ಮಾಡುತ್ತಿದ್ದೇವೆ." ಇಷ್ಟು ಸಾಕು. ಹೇಳುವಾಗ ನಿಮ್ಮ ಕಣ್ಣು ತುಂಬಿದರೂ ಪರವಾಗಿಲ್ಲ.

ಹದಿನಾರು
ನನಗೆ ಹದಿನಾರು ವರ್ಷ. ದೊಡ್ಡ ಮಕ್ಕಳ ಬಗ್ಗೆ ಯಾರೂ ಬರೆಯಲಿಲ್ಲವೆಂದು ಬರೆಯುತ್ತಿದ್ದೇನೆ. ನಾವು ಧೈರ್ಯವಾಗಿದ್ದೇವೆಂದು ಎಲ್ಲರೂ ಭಾವಿಸುತ್ತಾರೆ. ನನಗೆ ರಕ್ತಪರೀಕ್ಷೆಯಲ್ಲಿ ತಲೆ ಸುತ್ತಿ ಬೀಳುವಂತಾಗುತ್ತದೆ. ಮಲಗಿಸಿಕೊಂಡು ರಕ್ತ ತೆಗೆಯಬಹುದು, ತೊಡೆ ಮತ್ತು ಹೊಟ್ಟೆಯ ಸ್ನಾಯುಗಳನ್ನು ಹತ್ತು ಹದಿನೈದು ಸೆಕೆಂಡು ಬಿಗಿಮಾಡಿ ಸಡಿಲಿಸುತ್ತಿದ್ದರೆ ರಕ್ತದೊತ್ತಡ ಕುಸಿಯುವುದಿಲ್ಲ ಎಂದು ಒಬ್ಬ ವೈದ್ಯರು ಕಲಿಸಿದರು. ಇದರಿಂದ ತುಂಬಾ ಸಹಾಯವಾಗಿದೆ. ಇನ್ನೊಂದು: ವೈದ್ಯರು ನಮ್ಮ ಬಗ್ಗೆ ಅಪ್ಪ ಅಮ್ಮನೊಡನೆ ಮಾತ್ರ ಮಾತನಾಡಬಾರದು. ಸ್ವಲ್ಪ ಹೊತ್ತು ಒಬ್ಬರೇ ಇದ್ದು ಪ್ರಶ್ನೆ ಕೇಳುವ ಅವಕಾಶ ನಮಗೂ ಬೇಕು.

ಗಾಳಿಪಟ
@ಹದಿನಾರು, ಬರೆದದ್ದು ಒಳ್ಳೆಯದಾಯಿತು. ಮಗನಿಗೆ ಮುಂದೆ ಕೈಯ ಪ್ಲಾಸ್ಟರ್ ಬಿಚ್ಚಿಸುವುದಿದೆ, ಆ ಗರಗಸದ ಸದ್ದಿಗೆ ಈಗಿಂದಲೇ ಹೆದರಿದ್ದಾನೆ. ಎರಡೇ ವಾಕ್ಯದ ಉಪಾಯ ಬೇಕು.

ವಾರ್ಡಿನ ಅಕ್ಕ
"ಆ ಗರಗಸ ಸುತ್ತುವುದಿಲ್ಲ, ಅತ್ತಿತ್ತ ನಡುಗುತ್ತದೆ ಅಷ್ಟೇ, ಗಟ್ಟಿಯಾದುದನ್ನು ಕತ್ತರಿಸಲೆಂದೇ ಮಾಡಿದ್ದು. ಸದ್ದು ಜೋರು, ಕೈಗೆ ಸ್ವಲ್ಪ ಬಿಸಿ ಮತ್ತು ಕಚಗುಳಿ ಅನಿಸಬಹುದು, ಹೆಚ್ಚು ಬಿಸಿಯೆನಿಸಿದರೆ ಹೇಳು, ನಿಲ್ಲಿಸುತ್ತಾರೆ." ಕಿವಿ ಮುಚ್ಚುವ ಹೆಡ್‌ಫೋನ್ ಒಯ್ಯಿರಿ. ಪ್ಲಾಸ್ಟರ್ ಬಿಚ್ಚಿದ ಕೈ ಸಣಕಲಾಗಿ, ಚರ್ಮ ಪೊರೆಬಿಟ್ಟಂತೆ ಕಾಣುತ್ತದೆ ಎಂದೂ ಹೇಳಿಡಿ. ಅದನ್ನು ನೋಡಿ ಅಳುವವರೇ ಹೆಚ್ಚು.

ಕೆಂಪುಹನಿ
ಎಲ್ಲ ಮುಗಿದ ಮೇಲಿನ ಮಾತುಕತೆಯನ್ನೂ ಸೇರಿಸಿಕೊಳ್ಳಿ. ಮಕ್ಕಳ ನೆನಪು ಆಮೇಲಿನ ಮಾತಿನಿಂದ ಬದಲಾಗುತ್ತದೆ. ಅಂದು ಸಂಜೆ ಎಲ್ಲರೆದುರು "ಎಷ್ಟು ಕಿರುಚಿದ ಗೊತ್ತಾ" ಎಂದು ಸುದ್ದಿ ಹೇಳಿದರೆ ಮುಂದಿನ ಸಲಕ್ಕೆ ಉಳಿಯುವುದು ಆ ಕಿರುಚಾಟವೇ. "ಹೆದರಿದ್ದರೂ ಕೈ ಅಲ್ಲಾಡಿಸದೆ ಇಟ್ಟುಕೊಂಡಿದ್ದೆ, ಅದು ಕಷ್ಟದ ಕೆಲಸ" ಎಂದು ನಡೆದದ್ದನ್ನೇ ಹೇಳಿ. ಚುಚ್ಚಿದ ಜಾಗಕ್ಕೊಂದು ಪಟ್ಟಿ ಅಂಟಿಸಲು ಮರೆಯಬೇಡಿ, ಆ ತೂತಿನಿಂದ ರಕ್ತವೆಲ್ಲ ಹೊರಗೆ ಹರಿದುಹೋಗುತ್ತದೆ ಎಂದು ಚಿಕ್ಕವರು ನಿಜವಾಗಿಯೂ ನಂಬುತ್ತಾರೆ.

ಅರಿವಳಿಕೆ ವೈದ್ಯ
@ನೀಲಿಕೊಡೆ, ಒಂದು ಮಾತು ಬಿಟ್ಟುಹೋಗಿತ್ತು. ಆಪರೇಷನ್ನಿಗೆ ಮೊದಲು ಮಗಳಿಗೆ ನೆಗಡಿ, ಕೆಮ್ಮು, ಜ್ವರ ಬಂದರೆ ಮುಚ್ಚಿಡದೆ ಆಸ್ಪತ್ರೆಗೆ ಫೋನ್ ಮಾಡಿ. ಉಸಿರಾಟದ ತೊಂದರೆಯ ಸಾಧ್ಯತೆ ಹೆಚ್ಚುವುದರಿಂದ ದಿನ ಮುಂದಕ್ಕೆ ಹಾಕಬೇಕಾಗಬಹುದು. ಅಲುಗಾಡುವ ಹಲ್ಲು ಇದ್ದರೆ ಅದನ್ನೂ ನಮಗೆ ತಿಳಿಸಿ. ದಿನ ಬದಲಾದರೆ ಅವಳಿಗೆ ಕಾರಣ ಹೇಳಿ, ಹೊಸ ದಿನಕ್ಕೆ ಮತ್ತೆ ಮೂರ್ನಾಲ್ಕು ದಿನ ಮೊದಲಿನಿಂದ ಶುರುಮಾಡಿ.